ಕೆಂಪು ಕಂಡರೆ ಕೈ ಇಳಿಸು

ಮನುಷ್ಯರ ಮುಖಕ್ಕೆ ಹೊಡೆಯುವುದು ನನಗೆ ಇಷ್ಟ. ಹೀಗೆ ಬರೆದರೆ ಅತ್ತೆಯವರು ಓದಿ ಎದೆ ಹಿಡಿದುಕೊಳ್ಳುತ್ತಾರೆಂದು ಗೊತ್ತು. ಹಿಡಿದುಕೊಳ್ಳಲಿ. ಜಪಾನಿನ ನಿಶಿ ಕಸಾಯಿಯ ನಮ್ಮ ಕಟ್ಟಡದಲ್ಲಿರುವ ಕನ್ನಡದ ಹೆಂಗಸರಲ್ಲಿ ಒಬ್ಬರು ಕೇಕ್ ಮಾಡುವುದನ್ನು ಕಲಿತರು, ಇನ್ನೊಬ್ಬರು ಹೂ ಜೋಡಿಸುವುದನ್ನು ಕಲಿತರು. ನಾನು ಹೊಡೆಯುವುದನ್ನು ಕಲಿತೆ. ಕಲಿತೆ ಅನ್ನುವುದೂ ಪೂರ್ತಿ ನಿಜವಲ್ಲ. ಅದು ನನಗೆ ಮೊದಲಿನಿಂದ ಬರುತ್ತಿತ್ತು, ಎದುರಿಗೆ ನಿಲ್ಲುವುದಕ್ಕೆ ಯಾರೂ ಸಿಕ್ಕಿರಲಿಲ್ಲ ಅಷ್ಟೆ.

ಪಕ್ಕದ ಉರಯಾಸುವಿನಲ್ಲಿ ರೈಲು ಹಳಿ ಕಂಬಗಳ ಮೇಲೆ ಹೋಗುತ್ತದೆ. ಹಳಿಯ ಕೆಳಗೆ ಸೈಕಲ್ ನಿಲ್ಲಿಸುವ ಜಾಗ, ಹಗಲೂ ರಾತ್ರಿ ತೆರೆದಿರುವ ಒಂದು ಕೊಂಬಿನಿ ಅಂಗಡಿ, ಅದರಾಚೆಗೆ ಒಂದು ಬಾಕ್ಸಿಂಗ್ ಜಿಮ್ಮು. ಕರಿಬೇವು ತರಲು ಹೊರಟವಳು ಗಾಜಿನ ಬಾಗಿಲಾಚೆ ಒಬ್ಬ ಹುಡುಗಿ ಇನ್ನೊಬ್ಬಳ ಪಕ್ಕೆಗೆ ಗುದ್ದುವುದನ್ನು ಕಂಡೆ. ಗುದ್ದಿಸಿಕೊಂಡವಳ ಬಾಯಿಂದ ಬಂದ ಸದ್ದು ಗಾಜು ದಾಟಿ ನನಗೆ ಕೇಳಿಸಿತು. ಮೈಸೂರಿನ ನಮ್ಮ ಮನೆಯ ಹಿಂದಿನ ಗರಡಿಯಿಂದ ಬೆಳಗಿನ ಹೊತ್ತು ಅದೇ ಸದ್ದು ಬರುತ್ತಿತ್ತು. ಬಾಗಿಲು ತಳ್ಳಿದೆ. ಜಿಮ್ಮಿನ ಯಜಮಾನರನ್ನು ಅಲ್ಲಿ ಎಲ್ಲರೂ ಕೈಚೋ ಅನ್ನುತ್ತಾರೆ. ಅರವತ್ತು ದಾಟಿದವರು, ಮೂಗು ಎಂದೋ ಮುರಿದು ಹೇಗೆ ಬೇಕೋ ಹಾಗೆ ಕೂಡಿಕೊಂಡಿದೆ. ನನ್ನ ಕೈಲಿದ್ದ ಚೀಲ ನೋಡಿ, ತೂಕ ಇಳಿಸೋದಕ್ಕೆ ಬಂದಿರಾ ಎಂದು ವಿಚಾರಿಸಿದರು. ಅಲ್ಲ, ಹೊಡೆಯೋದಕ್ಕೆ ಎಂದೆ. ನನ್ನ ಹರಕು ಜಪಾನಿಯಲ್ಲಿ ಅದನ್ನು ಅದಕ್ಕಿಂತ ನಯವಾಗಿ ಹೇಳಲು ಬರುತ್ತಿರಲಿಲ್ಲ. ಅವರು ನಕ್ಕು ಒಂದು ಜೊತೆ ಕೈಗವಸು ತಂದುಕೊಟ್ಟರು.

ನಾವು ಜಟ್ಟಿಗಳ ಮನೆಯವರು. ಮೈಸೂರು ದಸರಾದ ವಿಜಯದಶಮಿಯ ದಿನ, ಆನೆ ಹೊರಡುವ ಮೊದಲು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದಲ್ಲ, ಅದರಲ್ಲಿ ಇಳಿಯುವವರು. ತಲೆ ಬೋಳಿಸಿ, ಕಾಚ ಕಟ್ಟಿ, ಬಲಗೈ ಬೆರಳುಗಳಿಗೆ ಕೊಂಬಿನ ಮುಳ್ಳುಗಳಿರುವ ವಜ್ರಮುಷ್ಟಿ ಸಿಕ್ಕಿಸಿಕೊಂಡು ಇಬ್ಬರು ಮಣ್ಣಿನ ಕಣಕ್ಕೆ ಇಳಿಯುತ್ತಾರೆ. ಹೊಡೆತ ತಲೆಗೆ. ಯಾರ ತಲೆಯಿಂದ ಮೊದಲು ರಕ್ತ ಚಿಮ್ಮುತ್ತದೋ ಅಲ್ಲಿಗೆ ಆಟ ಮುಗಿಯಿತು. ಜನ ಇಡೀ ವರ್ಷ ಕಾದು, ತೊಟ್ಟು ರಕ್ತ ಬೀಳುವುದನ್ನು ನೋಡಿ, ಕೈಮುಗಿದು, ಆನೆ ನೋಡಲು ಓಡುತ್ತಾರೆ.

ನಮ್ಮಪ್ಪನ ಅಜ್ಜನ ಅಪ್ಪನನ್ನು ಮನೆಯಲ್ಲಿ ದೊಡ್ಡಜ್ಜ ಎನ್ನುತ್ತೇವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆತನ ಮುಂದೆ ನಿಲ್ಲುವ ಜಟ್ಟಿ ಇರಲಿಲ್ಲವಂತೆ. ಅವನ ಕತೆ ನಮ್ಮ ಮನೆಯಲ್ಲಿ ಊಟದ ಜೊತೆ ಉಪ್ಪಿನಕಾಯಿಯ ಹಾಗೆ ಬಡಿಸಲ್ಪಡುತ್ತಿತ್ತು. ಮೀಸೆ ಮೂಡುವ ಮೊದಲೇ ಕಣಕ್ಕೆ ಇಳಿದವನು. ಮೊದಲ ಹೊಡೆತಕ್ಕೇ ಎದುರಾಳಿಯ ನೆತ್ತಿ ಬಾಯಿಬಿಟ್ಟು, ರಕ್ತ ಕಿವಿಯ ಮೇಲಿಳಿದು ಗದ್ದದಿಂದ ತೊಟ್ಟಿಕ್ಕಿತಂತೆ. ಮಹಾರಾಜರು ಕೈಯಾರೆ ಕಡಗ ತೊಡಿಸಿದರಂತೆ. ಆಮೇಲೆ ವರ್ಷಾ ವರ್ಷಾ ಒಬ್ಬೊಬ್ಬರು. ಒಬ್ಬನ ಹುಬ್ಬಿನ ಚರ್ಮ ಕಣ್ಣಿನ ಮೇಲೆ ಜೋತುಬಿತ್ತು. ಇನ್ನೊಬ್ಬನ ಕಿವಿ ಅರ್ಧ ಹೋಯಿತು. ಒಬ್ಬನನ್ನು ಮಂಚದ ಮೇಲೆ ಹೊತ್ತುಕೊಂಡು ಹೋದರು, ಅವನು ದೀಪಾವಳಿ ನೋಡಲಿಲ್ಲ. ಈ ಕೊನೆಯದನ್ನು ಹೇಳುವಾಗ ನಮ್ಮಜ್ಜ ದನಿ ತಗ್ಗಿಸುತ್ತಿದ್ದರು. ದೊಡ್ಡಜ್ಜನ ತಲೆಯ ಮೇಲೂ ಗಾಯಗಳೇನೂ ಕಡಿಮೆಯಿರಲಿಲ್ಲವಂತೆ. ಅಭ್ಯಾಸದಲ್ಲಿ ತಿಂದ ಗಾಯಗಳು ಒಣಗಿ ನೆತ್ತಿ ಉತ್ತ ಹೊಲದ ಹಾಗೆ ಗೆರೆಗೆರೆಯಾಗಿತ್ತಂತೆ. ಹಬ್ಬ ಮುಗಿದ ಮೇಲೆ ತಾನೇ ಗಾಯ ಮಾಡಿದವರ ಮನೆಗೆ ಹೋಗಿ ಅರಿಸಿನ ಹಚ್ಚಿ, ಮೂಳೆ ಸರಿದಿದ್ದರೆ ಕೂರಿಸಿ ಬರುತ್ತಿದ್ದನಂತೆ. ಅದೂ ಜಟ್ಟಿಗಳ ಕಸುಬೇ.

ಅವನ ಕೊನೆಯ ಕಾಳಗದ ಕತೆಗೆ ಬಂದಾಗ ಮಾತ್ರ ಎಲ್ಲರೂ ಊಟದ ಕೈ ನಿಲ್ಲಿಸುತ್ತಿದ್ದರು. ಎದುರಿಗೆ ಪರವೂರಿನ ಜಟ್ಟಿ. ದೊಡ್ಡಜ್ಜನ ಹೊಡೆತ ಅವನ ನೆತ್ತಿಗೆ ಬಿತ್ತು, ರಕ್ತ ಬಂತು. ದೊಡ್ಡಜ್ಜ ಕಂಡ. ಕಂಡವನು ಕೈ ಇಳಿಸಿದ, ಒಂದು ಹೆಜ್ಜೆ ಹಿಂದೆ ಸರಿದ, ನೆಲ ಮುಟ್ಟಲು ಬಗ್ಗಿದ. ಕಾಳಗ ನಿಲ್ಲಿಸಬೇಕಾದ ಉಸ್ತಾದರು ಇನ್ನೂ ಕಂಡಿರಲಿಲ್ಲ, ಕೂಗಿರಲಿಲ್ಲ. ಬಗ್ಗಿದವನ ಮುಖಕ್ಕೆ ಪರವೂರಿನವನು ಹೊಡೆದ. ವಜ್ರಮುಷ್ಟಿಯ ಮುಳ್ಳು ಎಡಗಣ್ಣಿಗೆ ಹೋಯಿತು. ದೊಡ್ಡಜ್ಜ ಮಣ್ಣಿನಲ್ಲಿ ಬಿದ್ದ, ಏಳಲಿಲ್ಲ. ಅದರ ನಂತರ ಒಂದೇ ಕಣ್ಣಿನಲ್ಲಿ ಬಹಳ ಕಾಲ ಬದುಕಿ, ಊರಿನವರ ಮೂಳೆ ಕಟ್ಟಿ ಹೋದ. ‘ಸೋತ’ ಎಂದು ನಮ್ಮ ಮನೆಯಲ್ಲಿ ಯಾರೂ ಅನ್ನುವುದಿಲ್ಲ. ರಕ್ತ ಕಂಡು ‘ನಿಂತ’ ಅನ್ನುತ್ತಾರೆ. ಆ ಪರವೂರಿನವನಿಗೆ ಇವತ್ತಿಗೂ ನಮ್ಮ ಮನೆಯಲ್ಲಿ ಶಾಪ ಸಲ್ಲುತ್ತದೆ.

ನನಗೆ ಚಿಕ್ಕಂದಿನಿಂದ ಈ ಕತೆ ಕೇಳಿದರೆ ಮೈ ಉರಿಯುತ್ತಿತ್ತು. ಉಸ್ತಾದರು ಕೂಗುವ ಮೊದಲೇ ಕೈ ಇಳಿಸಿದವನು ಎಂಥ ಜಾಣ? ಕಣ್ಣು ಕಳೆದುಕೊಂಡದ್ದಕ್ಕೆ ಇಷ್ಟು ಹೆಮ್ಮೆಯೇ? ಒಮ್ಮೆ ಹಾಗೆಂದು ಬಾಯಿಬಿಟ್ಟೆ. ಅಪ್ಪ ಸಾರಿನ ಸೌಟು ಎಸೆದರು. ಅದು ನನಗೆ ತಗುಲದೆ ಗೋಡೆಗೆ ಬಡಿಯಿತು.

ಗರಡಿಯೊಳಗೆ ಹೆಣ್ಣುಮಕ್ಕಳು ಕಾಲಿಡುವ ಹಾಗಿಲ್ಲ. ಬಾಗಿಲಿನ ಹಲಗೆಯಲ್ಲಿ ಗಂಟು ಉದುರಿ ಒಂದು ತೂತಾಗಿತ್ತು. ನಾನು ಬೆಳೆದದ್ದು ಆ ತೂತಿನ ಮುಂದೆ. ಒಳಗೆ ಅಪ್ಪ ಹುಡುಗರನ್ನು ಜೋಡಿ ಬಿಡುತ್ತಿದ್ದರು. ಹಳೇ ಕಾಲದ ಹಾಗಲ್ಲ, ಅಭ್ಯಾಸಕ್ಕೆ ವಜ್ರಮುಷ್ಟಿಯ ಬದಲು ಬೆರಳಿಗೆ ಬಟ್ಟೆ ಸುತ್ತಿ, ಅದನ್ನು ಕಾವಿ ನೀರಿನಲ್ಲಿ ಅದ್ದುತ್ತಿದ್ದರು. ಹೊಡೆತ ತಗುಲಿದರೆ ಬೋಳುತಲೆಯ ಮೇಲೆ ಕೆಂಪು ಗುರುತು ಬೀಳುತ್ತಿತ್ತು. ಬಿದ್ದ ಕೂಡಲೇ ಹೊಡೆದವನು ಕೈ ಇಳಿಸಬೇಕು, ಎಡಗಾಲು ಹಿಂದಿಡಬೇಕು, ಬಗ್ಗಿ ನೆಲ ಮುಟ್ಟಬೇಕು. ಕೆಂಪು ಬಿದ್ದ ಮೇಲೂ ಹೊಡೆದವನ ಬೆನ್ನಿಗೆ ಅಪ್ಪನ ಹುಣಸೆ ಬರಲು ಬೀಳುತ್ತಿತ್ತು, ಚರ್ಮ ಕಿತ್ತು ಬರುವ ಹಾಗೆ. ‘ಕೆಂಪು ಕಂಡ್ರೆ ಕೈ ಇಳ್ಸು’ ಎಂದು ಅವರು ಕೂಗುವುದು ಬೀದಿಗೆ ಕೇಳಿಸುತ್ತಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ತಮ್ಮನನ್ನು ಹಿತ್ತಲಿಗೆ ಎಳೆದೊಯ್ದು, ಅಮ್ಮನ ಕುಂಕುಮ ಕಲಸಿ, ಕೈಗೆ ಅವಳ ಹಳೇ ರವಿಕೆ ಸುತ್ತಿಕೊಂಡು ಅವನ ತಲೆಗೆ ಬಾರಿಸುತ್ತಿದ್ದೆ. ಕೆಂಪು ಬಿದ್ದರೆ ಕೈ ಇಳಿಸುತ್ತಿದ್ದೆ, ನೆಲ ಮುಟ್ಟುತ್ತಿದ್ದೆ. ಅವನು ಅಳುತ್ತಿದ್ದ. ಈಗ ಅವನಿಗೆ ಮೊಬೈಲ್ ಅಂಗಡಿಯಿದೆ, ಇಂಜೆಕ್ಷನ್ ಸೂಜಿ ಕಂಡರೆ ಕಣ್ಣು ಮುಚ್ಚುತ್ತಾನೆ.

ದೊಡ್ಡಜ್ಜನ ವಜ್ರಮುಷ್ಟಿ ಇನ್ನೂ ಇದೆ. ಎಮ್ಮೆಯ ಕೊಂಬಿನದು, ಬೆವರು ಕುಡಿದು ಕಪ್ಪಾಗಿ ಹೊಳೆಯುತ್ತದೆ. ರೇಷ್ಮೆ ಬಟ್ಟೆಯಲ್ಲಿ ಸುತ್ತಿ ದೇವರ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಒಂದು ದಸರಾದ ಬೆಳಗ್ಗೆ ಪೂಜೆಗೆ ಹೊರಗಿಟ್ಟಿದ್ದಾಗ ನಾನು ಅದನ್ನು ಬೆರಳಿಗೆ ಸಿಕ್ಕಿಸಿಕೊಂಡೆ. ಸರಿಯಾಗಿ ಕೂತಿತು. ಅಪ್ಪ ನೋಡಿ ಕೆನ್ನೆಗೆ ಕೊಟ್ಟ ಏಟಿಗೆ ನನ್ನ ಕೋರೆಹಲ್ಲು ಸಡಿಲವಾಯಿತು. ಆ ಏಟಿನ ಬಗ್ಗೆ ನನಗೆ ಸಿಟ್ಟಿಲ್ಲ. ಅದು ಕೂತಿತಲ್ಲ, ಅದನ್ನು ಅಪ್ಪನೂ ನೋಡಿದ್ದರಲ್ಲ. ಅದನ್ನು ಅವರು ಒಪ್ಪಲೇ ಇಲ್ಲ ಎಂಬುದಕ್ಕೆ ಸಿಟ್ಟು.

ಈ ಪುರಾಣ ಯಾಕೆ ಹೇಳಿದೆನೆಂದರೆ, ಅಪ್ಪನಿಗೆ ಎಪ್ಪತ್ತಾಗುತ್ತಿದ್ದ ಹಾಗೆ ಮನೆಯಲ್ಲಿ ಒಂದು ಮಾತು ಬಂತು. ಆ ವಜ್ರಮುಷ್ಟಿಯನ್ನು ಮುಂದೆ ಯಾರು ಇಟ್ಟುಕೊಳ್ಳಬೇಕು? ಗರಡಿಯನ್ನು ತಮ್ಮ ಬೈಕ್ ನಿಲ್ಲಿಸುವುದಕ್ಕೆ ಮಾಡಿಕೊಂಡಿದ್ದಾನೆ. ಆದರೂ ಅದು ಅವನಿಗೇ ಎಂದರು ಅಪ್ಪ, ವಿಡಿಯೋ ಕರೆಯಲ್ಲಿ, ಸೊಪ್ಪು ಬಿಡಿಸುತ್ತ ಹೇಳುವ ಹಾಗೆ. ನನ್ನ ತಲೆ ಕೆಟ್ಟಿತು. ಆಗ ನಾನು ಜಿಮ್ಮಿಗೆ ಸೇರಿ ಐದನೇ ವರ್ಷ.

“ಅವನು ಜೀವನದಲ್ಲಿ ಒಂದು ಸೊಳ್ಳೆ ಹೊಡೆದಿದ್ದಾನಾ ಅಪ್ಪ?”

“ಹೊಡೆಯೋದು ಬ್ಯಾಡ. ಇಟ್ಕೊಳ್ಳೋಕೆ ಗಂಡುಮಗ ಸಾಕು.”

“ನಾನು ಇಲ್ಲಿ ವಾರಕ್ಕೆ ಮೂರು ದಿನ ಮುಖ ಒಡೆಸ್ಕೊಂಡು ಬರ್ತಿದೀನಿ.”

“ಅದೇನು, ಜಿಮ್ಮಲ್ಲಿ ಗಾಳಿಮೂಟೆಗೆ ಗುದ್ದೋದು. ಜನದ ಮುಂದೆ ಒಂದು ಗೆದ್ದು ತೋರ್ಸು, ಆಮೇಲೆ ಮಾತಾಡು.”

“ಗೆದ್ರೆ?”

“ಗೆದ್ರೆ ನಿಂದೇ ಕಣವ್ವ” ಎಂದರು ಅಪ್ಪ. ಸೋತರೆ ಮತ್ತೆ ಆ ವಿಷಯ ಎತ್ತುವ ಹಾಗಿಲ್ಲ ಎಂದೂ ಸೇರಿಸಿದರು. ಒಪ್ಪಿಕೊಂಡೆ.

ನಡುವಯಸ್ಸಿನವರಿಗೆಂದೇ ಇಲ್ಲಿ ಬಾಕ್ಸಿಂಗ್ ಕೂಟಗಳು ನಡೆಯುತ್ತವೆ. ಹಗಲೆಲ್ಲ ಟ್ಯಾಕ್ಸಿ ಓಡಿಸುವವರು, ಮೀನು ಕತ್ತರಿಸುವವರು, ಲೆಕ್ಕ ಬರೆಯುವವರು ಭಾನುವಾರ ಬಂದು ಒಬ್ಬರ ಹಲ್ಲು ಒಬ್ಬರು ಅಲ್ಲಾಡಿಸಿ, ಬಗ್ಗಿ ನಮಸ್ಕಾರ ಮಾಡಿ ಮನೆಗೆ ಹೋಗುತ್ತಾರೆ. ಕೈಚೋ ಹತ್ತಿರ ನನ್ನ ಹೆಸರು ಸೇರಿಸಿ ಎಂದೆ. ಎದುರಾಳಿಯಾಗಿ ಸಿಕ್ಕವಳು ಮುದುಕರ ಆರೈಕೆಯ ಮನೆಯಲ್ಲಿ ಕೆಲಸ ಮಾಡುವ ಹೆಂಗಸು, ನನ್ನ ವಯಸ್ಸಿನವಳೇ. ದಿನವಿಡೀ ಆಳು ತೂಕದ ಮುದುಕರನ್ನು ಎತ್ತಿ ಕೂರಿಸುವ ತೋಳು. ನಮ್ಮವರು, ಅಂದರೆ ನನ್ನ ಗಂಡ, ಅವಳ ಫೋಟೋ ನೋಡಿ, “ಇದಕ್ಕೆ ಇನ್ಶೂರೆನ್ಸ್ ಕವರ್ ಆಗುತ್ತಾ?” ಎಂದರು. ಆಫೀಸಿನಲ್ಲಿ ಕೂತು ಕೂತು ಮನುಷ್ಯ ಹೀಗಾಗಿದ್ದಾರೆ, ಏನು ಮಾಡುವುದು.

ಅಪ್ಪ ದಸರಾ ಮುಗಿಸಿಕೊಂಡು ಬಂದರು. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುಳಿಪುಡಿಗಳ ನಡುವೆ ರೇಷ್ಮೆ ಗಂಟು. “ಯಾರಾದ್ರೂ ಕೇಳಿದ್ರೆ ಬಾಚಣಿಗೆ ಅಂತ ಹೇಳೋಣ ಅಂತಿದ್ದೆ, ಯಾರೂ ಕೇಳಲಿಲ್ಲ” ಎಂದರು. ಅದನ್ನು ಮೈಕ್ರೋವೇವ್ ಮೇಲಿನ ನಮ್ಮ ದೇವರ ಹಲಗೆಯ ಮೇಲಿಟ್ಟು ಊದುಬತ್ತಿ ಹಚ್ಚಿದರು. “ಗೆದ್ರೆ ಇಲ್ಲೇ ಇರುತ್ತೆ. ಇಲ್ಲಾಂದ್ರೆ ನನ್ ಜೊತೆ ವಾಪಸ್ಸು.” ಕೂಟದ ದಿನದವರೆಗೂ ಅದು ನಾನು ಅನ್ನ ಬಿಸಿಮಾಡುವಾಗೆಲ್ಲ ಕಣ್ಣ ಮುಂದಿರುತ್ತಿತ್ತು. ಮುಟ್ಟಲಿಲ್ಲ. ಗೆದ್ದೇ ಮುಟ್ಟುವುದೆಂದು ಹಟ ಹಿಡಿದಿದ್ದೆ.

ಕೂಟ ನಡೆದದ್ದು ನಮ್ಮ ವಾರ್ಡಿನ ಕ್ರೀಡಾಮಂದಿರದಲ್ಲಿ, ಮಧ್ಯಾಹ್ನ. ಪಕ್ಕದ ಹಾಲಿನಲ್ಲಿ ಮಕ್ಕಳ ಟೇಬಲ್ ಟೆನಿಸ್ಸಿನ ಟಕಟಕ ಕೇಳುತ್ತಿತ್ತು. ಅಪ್ಪ ಮುಂದಿನ ಸಾಲಿನಲ್ಲಿ, ಬಿಳಿ ಪಂಚೆಯ ಮೇಲೆ ನಮ್ಮವರ ದಪ್ಪ ಜಾಕೆಟ್ ಹಾಕಿಕೊಂಡು, ಮಡಿಲಲ್ಲಿ ರೇಷ್ಮೆ ಗಂಟು ಇಟ್ಟುಕೊಂಡು ಕೂತಿದ್ದರು. ನಮ್ಮವರು ಪಕ್ಕದಲ್ಲಿ ಕೂತು ಆಗಲೇ ಉಗುರು ಕಚ್ಚುತ್ತಿದ್ದರು.

ಗಂಟೆ ಹೊಡೆಯಿತು. ಅವಳು ನೇರ ಬಂದು ನನ್ನ ಹೊಟ್ಟೆಗೆ ಹೊಡೆದಳು. ಬಲಪಕ್ಕೆಯ ಕೆಳಗೆ, ಲಿವರ್ ಇರುವ ಕಡೆ. ಅಲ್ಲಿಗೆ ಬಿದ್ದರೆ ನೋವು ತಕ್ಷಣ ಗೊತ್ತಾಗುವುದಿಲ್ಲ. ಉಸಿರು ಎಳೆದುಕೊಳ್ಳಲು ಹೋದಾಗ ಉಸಿರೇ ಇಲ್ಲ ಎಂದು ಗೊತ್ತಾಗುತ್ತದೆ. ಮಂಡಿ ಮಡಚಿಕೊಂಡು ಹೋಗುವುದನ್ನು ಹಗ್ಗ ತಡೆಯಿತು. ಅವಳು ಮೇಲೆ ಬಿದ್ದು ತೋಳಿಗೆ, ಕಿವಿಗೆ, ಕತ್ತಿಗೆ, ಎಲ್ಲಿ ಸಿಕ್ಕಿದರೆ ಅಲ್ಲಿಗೆ ಚಚ್ಚಿದಳು. ಒಂದು ಹೊಡೆತಕ್ಕೆ ಹಲ್ಲು ಕಾಯುವ ರಬ್ಬರು ಪಟ್ಟಿ ಅರ್ಧ ಹೊರಗೆ ಬಂತು. ಅದನ್ನು ನಾಲಿಗೆಯಿಂದ ಒಳಗೆ ತಳ್ಳುತ್ತ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇವಳಿಗೆ ನಾನೇನು ಮಾಡಿದ್ದೆ? ಸುತ್ತು ಮುಗಿದು ಮೂಲೆಯ ಸ್ಟೂಲಿನ ಮೇಲೆ ಕೂತಾಗ ಕೈಚೋ, “ಅವರ ಎಡಗೈ ತಡವಾಗಿ ವಾಪಸ್ ಬರುತ್ತೆ. ಅದರ ಮೇಲಿಂದ ಬಲಗೈ ಬಿಡಿ” ಎಂದರು. ಎಷ್ಟೇ ಏಟು ಬೀಳುತ್ತಿದ್ದರೂ ಎದುರಾಳಿಯ ಬಗ್ಗೆಯೂ ಅವರ ಬಾಯಿಂದ ಮರ್ಯಾದೆಯ ಮಾತೇ.

ಎರಡನೇ ಸುತ್ತಿನಲ್ಲಿ ಅವಳ ಎಡಗೈ ಬಂತು, ನನ್ನ ಹಣೆಗೆ ಬಡಿಯಿತು, ವಾಪಸ್ ಹೋಗಲು ತಡಮಾಡಿತು. ಅದರ ಮೇಲಿಂದ ಬಲಗೈ ಬಿಟ್ಟೆ. ಸೊಂಟದಿಂದ ಹೊರಟು, ಭುಜ ತಿರುಗಿ, ಗೆಣ್ಣಿನ ತನಕ ಬಂದ ಏಟು ಅವಳ ಮೂಗಿನ ಮಧ್ಯಕ್ಕೆ ಕೂತಿತು. ಕೈಗವಸಿನ ಒಳಗಿನಿಂದಲೂ ಮೂಳೆ ಪಕ್ಕಕ್ಕೆ ಸರಿದದ್ದು ತಿಳಿಯಿತು. ನನ್ನ ಹೆಬ್ಬೆರಳೂ ಅದರ ಜೊತೆ ಕಳಚಿಕೊಂಡಿತು. ಅವಳ ತಲೆ ಹಿಂದೆ ಹೋಗಿ ಮುಂದೆ ಬಂತು. ಮೂಗಿನ ಎರಡು ಹೊಳ್ಳೆಯಿಂದಲೂ ರಕ್ತ ಇಳಿದು ಬಿಳಿ ಅಂಗಿಯ ಮೇಲೆ ಬಿತ್ತು.

ಕೆಂಪು.

ನಾನು ಯೋಚನೆ ಮಾಡಲಿಲ್ಲ. ಕೈ ತಾನಾಗಿಯೇ ಇಳಿಯಿತು, ಎಡಗಾಲು ಹಿಂದೆ ಹೋಯಿತು, ಬೆನ್ನು ಬಗ್ಗಿತು. ಜಿಮ್ಮಿನಲ್ಲಿ ಯಾರಿಗಾದರೂ ರಕ್ತ ಬಂದರೆ ಕೈಚೋ ತಾವೇ ನಡುವೆ ಬಂದು ನಿಲ್ಲಿಸಿ ನೆಲ ಒರೆಸುತ್ತಿದ್ದರು. ಹೀಗಾಗಿ ನನ್ನ ಮೈಯೊಳಗೆ ಹಿತ್ತಲಿನ ಆ ಆಟ ಹಾಗೆಯೇ ಕೂತಿದೆಯೆಂದು ನನಗೂ ಗೊತ್ತಿರಲಿಲ್ಲ. ಕೈಗವಸು ನೆಲಕ್ಕೆ ತಾಗಿತು. ಹಾಗೆ ಬಗ್ಗಿದವಳಿಗೆ ಹಗ್ಗಗಳ ನಡುವಿನಿಂದ ಅಪ್ಪ ಕಂಡರು. ಎದ್ದು ನಿಂತಿದ್ದರು. ರೇಷ್ಮೆ ಗಂಟು ಬಿಚ್ಚಿ ವಜ್ರಮುಷ್ಟಿಯನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದಿದ್ದರು. ಆ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆಗ ಅವಳು ಹೊಡೆದಳು.

ಎಡಗಿವಿಯ ಕೆಳಗೆ, ದವಡೆಯ ಸಂದಿಗೆ. ದೀಪಗಳೆಲ್ಲ ಒಂದು ಕಡೆಗೆ ಜಾರಿದವು. ಕೆನ್ನೆ ನೆಲಕ್ಕೆ ಅಂಟಿತ್ತು. ನೆಲದ ಬಟ್ಟೆಗೆ ಬೆವರು ಮತ್ತು ಮುಲಾಮಿನ ವಾಸನೆ. ರೆಫರಿ ನನ್ನ ಮೂಗಿನ ಮುಂದೆ ಬೆರಳು ಮಡಚುತ್ತ ಎಣಿಸುತ್ತಿದ್ದುದು ಬಹಳ ದೂರದಿಂದ ಕೇಳಿಸಿತು. ನನಗೆ ನೆನಪಾದದ್ದು ದೊಡ್ಡಜ್ಜ. ಅಯ್ಯೋ, ನಿನ್ನನ್ನು ಅಷ್ಟು ಆಡಿಕೊಂಡೆನಲ್ಲೋ, ನಾನೂ ನಿನ್ನಂಥವಳೇ ಎನಿಸಿ, ಬಿದ್ದಲ್ಲೇ ನಗು ಬಂತು. ನಗುವಿನ ಹಿಂದೆಯೇ ಸಿಟ್ಟು ಬಂತು. ಅವನು ಏಳಲಿಲ್ಲ. ನಾನು ಎದ್ದೆ.

ರೆಫರಿ ನನ್ನ ಕಣ್ಣು ನೋಡಿ, ಮುಂದುವರಿಸಿ ಎಂದ. ಅವಳು ಎದುರಿಗಿದ್ದಳು, ಬಾಯಿಯಿಂದ ಉಸಿರಾಡುತ್ತ, ಗದ್ದದವರೆಗೂ ಕೆಂಪಾಗಿ. ನಮ್ಮ ಮನೆಯಲ್ಲಿ ಯಾರೂ ರಕ್ತ ಬಂದ ಮುಖಕ್ಕೆ ಹೊಡೆದಿಲ್ಲ. ನಾನು ಹೊಡೆದೆ. ಅದೇ ಮೂಗಿಗೆ ಹೊಡೆದೆ. ಮೊದಲ ಏಟಿಗೆ ಕೈ ಹಿಂಜರಿಯಿತು, ಎರಡನೆಯದಕ್ಕೆ ಇಲ್ಲ. ಹೆಬ್ಬೆರಳು ಪ್ರತಿ ಏಟಿಗೂ ಭುಜದವರೆಗೆ ಕಿರುಚುತ್ತಿತ್ತು. ರಕ್ತ ನನ್ನ ತುಟಿಗೆ ಹಾರಿತು, ಉಪ್ಪುಪ್ಪಾಗಿತ್ತು. ಅವಳು ಮುಖ ಮುಚ್ಚಿದರೆ ಪಕ್ಕೆಗೆ ಕೊಟ್ಟೆ, ಪಕ್ಕೆ ಮುಚ್ಚಿದರೆ ಮೂಗಿಗೆ ಕೊಟ್ಟೆ. ಅವಳು ಬೆನ್ನು ಹಗ್ಗಕ್ಕೆ ತಾಗಿ ಎಲ್ಲಿಗೂ ಹೋಗಲಾರದೆ ನಿಂತಳು, ಬೀಳಲೂ ಇಲ್ಲ. ನನಗೆ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಗುತ್ತಿತ್ತು. ಕೊನೆಗೆ ರೆಫರಿ ನಡುವೆ ನುಗ್ಗಿ ನನ್ನನ್ನು ತಬ್ಬಿಕೊಂಡು ಹಿಂದಕ್ಕೆ ಎಳೆದ. ಆಟ ನಿಲ್ಲಿಸಿದರು. ನನ್ನ ಕೈ ಮೇಲೆತ್ತಿದರು.

ಮುಂದಿನ ಸಾಲಿನಲ್ಲಿ ನಮ್ಮವರು ಹುಚ್ಚರ ಹಾಗೆ ಚಪ್ಪಾಳೆ ತಟ್ಟುತ್ತಿದ್ದರು. ಅಪ್ಪ ಕೂತಿದ್ದರು. ರೇಷ್ಮೆ ಗಂಟು ಮತ್ತೆ ಕಟ್ಟಿ ಮಡಿಲಲ್ಲಿತ್ತು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ದವಡೆಗೆ ಮಂಜುಗಡ್ಡೆಯ ಚೀಲ ಕೊಟ್ಟು ಕೈಚೋ ಮುಂದಿನ ಜೋಡಿಯ ಕಡೆ ಹೋದರು. ನಮ್ಮವರು ನೀರು ತರಲು ಹೋದರು. ಅಪ್ಪ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ಮಾತಿಲ್ಲದೆ ನನ್ನ ಬಲಗೈಯ ಪಟ್ಟಿ ಬಿಚ್ಚಿದರು. ಹೆಬ್ಬೆರಳು ಬುಡದಲ್ಲಿ ಸೊಟ್ಟಗಾಗಿ ಊದಿಕೊಂಡಿತ್ತು. ಅದನ್ನು ಮೆಲ್ಲಗೆ ಒತ್ತಿ ನೋಡಿದರು.

“ಕೀಲು ಜಾರಿದೆ. ಮುರಿದಿಲ್ಲ.”

“ಗೆದ್ದೆ ಅಪ್ಪ.”

“ಹೂಂ. ಅವಳ ಮೂಗಲ್ಲಿ ಕೆಂಪು ಬಂತಲ್ಲ, ಆಗ ಗೆದ್ದೆ.”

ನಾನು ಮಂಜುಗಡ್ಡೆಯ ಚೀಲ ಕೆಳಗಿಟ್ಟೆ.

“ನೀನು ಬಗ್ಗಿ ನೆಲ ಮುಟ್ಟಿದೆ ನೋಡು. ನಮ್ ಗರಡಿಲಿ ಅಷ್ಟು ಚೆಂದ ಯಾವ ಗಂಡುಮಗನೂ ಮುಟ್ಟಿರಲಿಲ್ಲ ಕಣವ್ವ. ಯಾರು ಹೇಳ್ಕೊಟ್ರು ನಿಂಗೆ? ನಾನಂತೂ ಹೇಳ್ಕೊಡಲಿಲ್ಲ. ಕೊಡೋಕೆ ಅಂತ ಎದ್ದೇಬಿಟ್ಟಿದ್ದೆ.”

“ಕೊಡಿ ಮತ್ತೆ.”

“ಹೆಂಗೆ ಕೊಡ್ಲಿ? ಆಮೇಲೆ ಎದ್ದು ಹೊಡೆದೆಯಲ್ಲ. ಕೆಂಪಿನ್ ಮೇಲೆ ಹೊಡೆದೆ.”

ನಾನು ಕೈ ಎಳೆದುಕೊಳ್ಳಲು ನೋಡಿದೆ. “ಅವಳು ನನ್ನ ಬೀಳಿಸಿದಳಲ್ಲ, ಅದು ಕಾಣಲಿಲ್ವಾ? ಮಲಗೇ ಇರಬೇಕಿತ್ತಾ? ದೊಡ್ಡಜ್ಜನ ಥರ ಬಿದ್ದಿದ್ರೆ ಅದು ನನಗೆ ಸಿಗ್ತಿತ್ತಾ? ಇದ್ಯಾವ ನ್ಯಾಯ ಅಪ್ಪ? ಗೆದ್ರೆ ನಿಂದೇ ಅಂದ್ರಿ. ಗೆದ್ದಿದ್ದೀನಿ. ಈಗ ಹೊಸ ರಾಗ ತೆಗೀತೀರಾ?”

ಅಪ್ಪ ಹೆಬ್ಬೆರಳು ಬಿಡಲಿಲ್ಲ.

“ದೊಡ್ಡಜ್ಜಂಗೂ ಏಳೋಕೆ ಆಗ್ತಿತ್ತು” ಎಂದರು. “ನಮ್ಮಜ್ಜಂಗೆ ಸಾಯೋ ಮುಂಚೆ ಹೇಳಿದ್ನಂತೆ. ಕಣ್ಣು ಹೋಗಿತ್ತು, ಕೈಕಾಲು ಹೋಗಿರಲಿಲ್ಲ. ಎದ್ದಿದ್ರೆ ರಕ್ತದ್ ಮೇಲೆ ಹೊಡೀಬೇಕಾಗ್ತಿತ್ತು. ಅದಕ್ಕೇ ಮಣ್ಣಲ್ಲಿ ಮುಖ ಇಟ್ಕೊಂಡು ಬಿದ್ದೇ ಇದ್ದ. ಸಾವಿರಾರು ಜನ ನಗ್ತಿದ್ರು. ನಮಗೆ ಅರಮನೆ ಕಡಗ ಉಳೀಲಿಲ್ಲ, ಗರಡಿ ಉಳೀಲಿಲ್ಲ. ಅವನು ಹಂಗೆ ಬಿದ್ದಿದ್ದ ಅನ್ನೋದು ಒಂದು ಉಳ್ಕಂಡಿದೆ. ನಂಗೆ ಅದು ಬಿಟ್ರೆ ಇನ್ನೇನಿದೆ ಹೇಳು.”

ಆಗ ಪರದೆ ಸರಿಯಿತು. ಅವಳು ಬಂದಳು. ಎರಡು ಹೊಳ್ಳೆಗೂ ಹತ್ತಿ ತುರುಕಿದ್ದರು, ಕಣ್ಣಿನ ಕೆಳಗೆ ಆಗಲೇ ನೀಲಿಗಟ್ಟಿತ್ತು. ಸೊಂಟದಿಂದ ಬಗ್ಗಿ ನನಗೆ ನಮಸ್ಕರಿಸಿದಳು, ಅಪ್ಪನಿಗೂ ನಮಸ್ಕರಿಸಿದಳು. ನಾನೂ ಎದ್ದು ಬಗ್ಗಿದೆ. ಹತ್ತಿಯ ಹಿಂದಿನಿಂದ ದನಿ ಗೊಗ್ಗರಾಗಿ ಬರುತ್ತಿತ್ತು. ನನಗೆ ತಿಳಿಯಲೆಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು.

“ಸುಮಿಮಾಸೆನ್, ಕ್ಷಮಿಸಿ. ಒಂದು ಮಾತು ಹೇಳಿ ಹೋಗ್ತೀನಿ. ನನ್ನ ರಕ್ತ ನೋಡಿ ನೀವು ಕೈ ಇಳಿಸಿದಿರಿ. ನನಗೆ ತುಂಬ ಅವಮಾನ ಆಯ್ತು. ನಾನಿನ್ನೂ ನಿಂತಿದ್ದೆ. ನನ್ನ ಕತೆ ಮುಗೀತು ಅಂತ ನೀವೇ ತೀರ್ಮಾನ ಮಾಡಿಬಿಟ್ಟಿರಿ. ಅದಕ್ಕೇ ಅಷ್ಟು ಸಿಟ್ಟಿನಿಂದ ಹೊಡೆದೆ. ಆದರೆ ನೀವು ಎದ್ದು ಬಂದು ನನ್ನನ್ನ ಸರಿಯಾಗಿ ಹೊಡೆದಿರಿ. ಅದಕ್ಕೆ ಅರಿಗಾತೋ, ಧನ್ಯವಾದ.”

ಮತ್ತೆ ಬಗ್ಗಿ, ಪರದೆ ಸರಿಸಿಕೊಂಡು ಹೋದಳು.

ಆ ಮಾತು ನನ್ನ ತಲೆಯೊಳಗೆ ಇಳಿಯುವುದಕ್ಕೆ ಒಂದು ಕ್ಷಣ ಹಿಡಿಯಿತು. ಐದು ತಲೆಮಾರಿನಿಂದ ನಾವು ಶಪಿಸುತ್ತಿರುವ ಆ ಪರವೂರಿನ ಜಟ್ಟಿ ಕಣ್ಣಮುಂದೆ ಬಂದ. ಅವನೂ ಇನ್ನೂ ನಿಂತಿದ್ದ. ನೆತ್ತಿ ಒಡೆದು, ಕಾಲು ಊರಿ ನಿಂತಿದ್ದ. ಅವನ ಎದುರಿಗೆ ನಮ್ಮ ದೊಡ್ಡಜ್ಜ, ನಿನ್ನದು ಮುಗಿಯಿತು ಹೋಗು ಎಂಬಂತೆ ಕೈ ಇಳಿಸಿದ. ಅವನು ಮೋಸಗಾರನಲ್ಲದೆಯೂ ಇರಬಹುದು. ಅವನಿಗೆ ಅವಮಾನವಾಗಿರಬಹುದು. ನಮ್ಮ ಮನೆಯ ದೊಡ್ಡ ಹೆಮ್ಮೆ ಇನ್ನೊಬ್ಬರ ಮನೆಯಲ್ಲಿ ದೊಡ್ಡ ಅವಮಾನವಾಗಿ ಇಂದಿಗೂ ಊಟದ ಹೊತ್ತಿಗೆ ಹೇಳಲ್ಪಡುತ್ತಿರಬಹುದು.

“ಏನಂತಾಳೆ?” ಎಂದರು ಅಪ್ಪ.

ಮಾತು ನಾಲಿಗೆಯ ತುದಿಯಲ್ಲಿತ್ತು. ಅಪ್ಪನ ನ್ಯಾಯವನ್ನು ಬುಡ ಸಮೇತ ಕೀಳುವ ಮಾತು. ಹೇಳಿಬಿಟ್ಟರೆ ಅವರ ಹತ್ತಿರ ಉತ್ತರವಿರುವುದಿಲ್ಲ ಎಂದು ಗೊತ್ತಿತ್ತು. ಉತ್ತರವಿಲ್ಲದಿದ್ದರೆ ಅಪ್ಪ ಸೋಲೊಪ್ಪುವ ಮನುಷ್ಯ, ಕೊಟ್ಟೇಬಿಡುತ್ತಿದ್ದರು. ರೇಷ್ಮೆ ಗಂಟು ನನ್ನ ಮಂಡಿಯ ಪಕ್ಕದಲ್ಲೇ ಇತ್ತು. ನಲವತ್ತು ದಾಟಿದ ಮೇಲೂ ನಾನು ಆಸೆಪಟ್ಟದ್ದು ಅದೊಂದನ್ನೇ. ತಲೆಯೆತ್ತಿ ಅವರ ಮುಖ ನೋಡಿದೆ.

ಅಪ್ಪ ಅಳುತ್ತಿದ್ದರು. ಸದ್ದಿಲ್ಲದೆ, ನಾನು ನೋಡಬಾರದೆಂದು ತಲೆ ಬಗ್ಗಿಸಿಕೊಂಡು. ಕಣ್ಣು ಕೆಂಪಾಗಿತ್ತು.

“ಏನಿಲ್ಲಪ್ಪ” ಎಂದೆ. “ಅರಿಗಾತೋ ಅಂದ್ಲು, ಅಷ್ಟೆ.”

“ಒಳ್ಳೆ ಹೆಂಗಸು” ಎಂದರು ಅಪ್ಪ. ಒಂದು ಕೈಯಲ್ಲಿ ನನ್ನ ಮಣಿಕಟ್ಟು ಒತ್ತಿ ಹಿಡಿದು, ಇನ್ನೊಂದರಲ್ಲಿ ಹೆಬ್ಬೆರಳನ್ನು ಎಳೆದು ತಿರುಚಿದರು. ಕಟಕ್ಕೆಂದು ಕೀಲು ಕೂತಿತು. ನನ್ನ ಕಣ್ಣಿನಿಂದ ನೀರು ಸುರಿಯತೊಡಗಿತು, ನಿಲ್ಲಲೇ ಇಲ್ಲ.

“ನೋವಾಯ್ತಾ ಮಗಳೇ?”

“ಹೂಂ ಅಪ್ಪ” ಎಂದೆ. “ತುಂಬ.”